ಬಿರುಗಾಳಿ ಕಲಿಸುವ ಇಂಗ್ಲಿಷ್

2013ರ ನವೆಂಬರ್ 8. ಫಿಲಿಪ್ಪೀನ್ಸ್ ದೇಶದ ಟಾಕ್ಲೊಬಾನ್ ಅನ್ನೋ ಕಡಲತೀರದ ಊರು. ಬೆಳಗಿನ ಹೊತ್ತು ಅಲ್ಲಿಗೆ ಒಂದು ಭಾರಿ ಚಂಡಮಾರುತ ಬಂದು ಬಡಿಯಿತು. ಜಗತ್ತು ಅದನ್ನ ಹೈಯಾನ್ ಅಂತ ಕರೀತು, ಅಲ್ಲಿನ ಜನ ಯೋಲಾಂಡಾ ಅಂದರು. ಸರ್ಕಾರ ಹೇಳಿರಲಿಲ್ಲವಾ? ಹೇಳಿತ್ತು. ಹಿಂದಿನ ದಿನವೇ ಟಿವಿಯಲ್ಲಿ, ರೇಡಿಯೋದಲ್ಲಿ ಎಚ್ಚರಿಕೆ ಹೋಗಿತ್ತು. 'ಸ್ಟಾರ್ಮ್ ಸರ್ಜ್' ಬರುತ್ತೆ ಅಂತ ಸ್ಪಷ್ಟವಾಗಿ ಹೇಳಲಾಗಿತ್ತು.

ಆದರೆ ಸ್ಟಾರ್ಮ್ ಸರ್ಜ್ ಅಂದ್ರೆ ಏನು? ಬಹಳ ಜನಕ್ಕೆ ಗೊತ್ತಿರಲಿಲ್ಲ. ಜೋರು ಗಾಳಿ ಇರಬಹುದು, ಜೋರು ಮಳೆ ಇರಬಹುದು, ಅಂಥದ್ದನ್ನ ನಾವು ನೋಡದೇ ಇರೋದಾ ಅಂದುಕೊಂಡು ಮನೆಯಲ್ಲೇ ಕೂತರು. ಸಮುದ್ರ ಐದು ಮೀಟರ್‌ಗೂ ಹೆಚ್ಚು ಎತ್ತರಕ್ಕೆ ಎದ್ದು ಊರೊಳಗೇ ನುಗ್ಗಿತು. ಸರ್ಕಾರಿ ಲೆಕ್ಕದ ಪ್ರಕಾರವೇ ಆ ಚಂಡಮಾರುತಕ್ಕೆ ಸತ್ತವರು 6,300ಕ್ಕೂ ಹೆಚ್ಚು. ಬದುಕಿ ಉಳಿದ ಅನೇಕರು ಆಮೇಲೆ ಹೇಳಿದ್ದು ಒಂದೇ ಮಾತು: 'ಸುನಾಮಿ ಥರ ನೀರು ಬರುತ್ತೆ ಅಂತ ಹೇಳಿದ್ದರೆ ಓಡಿಹೋಗ್ತಿದ್ವಿ.'

ಇಲ್ಲಿ ಒಂದು ವಿಷಯ ಗಮನಿಸಿ. ಫಿಲಿಪ್ಪೀನ್ಸ್ ಇಂಗ್ಲಿಷ್ ಬಾರದ ದೇಶ ಅಲ್ಲ. ಅಲ್ಲಿ ಇಂಗ್ಲಿಷ್ ಅಧಿಕೃತ ಭಾಷೆ. ಶಾಲೆಯಲ್ಲಿ ಕಲಿಸ್ತಾರೆ, ಕಚೇರಿಯಲ್ಲಿ ಬಳಸ್ತಾರೆ. ಆದರೂ ಒಂದು ಪದ ಅರ್ಥ ಆಗಲಿಲ್ಲ. ಸ್ಟಾರ್ಮ್ ಗೊತ್ತಿತ್ತು, ಸರ್ಜ್ ಗೊತ್ತಿರಲಿಲ್ಲ.

ಇವತ್ತು ಈ ಮಾತು ಯಾಕೆ ಎತ್ತಿದೆ ಅಂದ್ರೆ, ನಮ್ಮಲ್ಲಿ ಇಂಗ್ಲಿಷ್ ಕಲಿಯೋ ಹಂಬಲ ಬಹಳ ದೊಡ್ಡದು. ಬೀದಿಗೊಂದು ಸ್ಪೋಕನ್ ಇಂಗ್ಲಿಷ್ ಕ್ಲಾಸು. ಮೂವತ್ತು ದಿನದಲ್ಲಿ ಇಂಗ್ಲಿಷ್ ಅನ್ನೋ ಪುಸ್ತಕ ಬಸ್ ಸ್ಟ್ಯಾಂಡಲ್ಲಿ ಸಿಗುತ್ತೆ. ಅಲ್ಲಿ ಕಲಿಸೋದೇನು? ಹೌ ಆರ್ ಯೂ, ಐ ಆಮ್ ಫೈನ್, ಮೈ ಹಾಬಿ ಈಸ್ ರೀಡಿಂಗ್. ಇಷ್ಟು ಕಲಿತವರು ಹವಾಮಾನ ಇಲಾಖೆಯ ಒಂದು ಬುಲೆಟಿನ್ ಕೈಗೆ ಬಂದರೆ ತಬ್ಬಿಬ್ಬಾಗ್ತಾರೆ. ನಾನು ಹೇಳೋದು, ಇಂಗ್ಲಿಷ್ ಕಲಿಯೋಕೆ ಒಂದು ವಿಷಯ ಹಿಡ್ಕೊಳ್ಳಿ. ಯಾವ ವಿಷಯ? ಪ್ರಕೃತಿ ವಿಕೋಪ. ಕಾರಣ ಸರಳ. ಇದು ಪ್ರತಿ ವರ್ಷ ಬರುತ್ತೆ. ಪ್ರತಿ ವರ್ಷ ಅದೇ ಐವತ್ತು, ಅರವತ್ತು ಪದಗಳು ತಿರುಗಿ ತಿರುಗಿ ಬರ್ತವೆ. ಪದದ ಜೊತೆಗೆ ಟಿವಿ ಪರದೆ ಮೇಲೆ ಚಿತ್ರವೂ ಇರುತ್ತೆ. ಎಲ್ಲಕ್ಕಿಂತ ಮುಖ್ಯವಾಗಿ, ಅರ್ಥ ತಪ್ಪಿದರೆ ಇಲ್ಲಿ ಕಳೆದುಹೋಗೋದು ಪರೀಕ್ಷೆಯ ಮಾರ್ಕ್ಸ್ ಅಲ್ಲ.

ಒಂದೇ ಗಾಳಿ, ಮೂರು ಹೆಸರು

ಹರಿಕೇನ್, ಟೈಫೂನ್, ಸೈಕ್ಲೋನ್. ಇವು ಮೂರು ಬೇರೆ ಬೇರೆ ಅಂತ ತುಂಬಾ ಜನ ತಿಳ್ಕೊಂಡಿದ್ದಾರೆ. ಅಲ್ಲ. ಮೂರೂ ಒಂದೇ. ಬೆಚ್ಚಗಿನ ಸಮುದ್ರದ ಮೇಲೆ ಹುಟ್ಟಿ, ಸುರುಳಿ ಸುತ್ತುತ್ತಾ ಬರೋ ಚಂಡಮಾರುತ. ಅಟ್ಲಾಂಟಿಕ್ ಸಾಗರದಲ್ಲಿ, ಅಮೆರಿಕದ ಸುತ್ತಮುತ್ತ ಹುಟ್ಟಿದರೆ ಹರಿಕೇನ್. ಜಪಾನ್, ಫಿಲಿಪ್ಪೀನ್ಸ್ ಕಡೆ ಟೈಫೂನ್. ನಮ್ಮ ಬಂಗಾಳ ಕೊಲ್ಲಿ, ಅರಬ್ಬಿ ಸಮುದ್ರದಲ್ಲಾದರೆ ಸೈಕ್ಲೋನ್. ಟಾರ್ನೇಡೋ ಮಾತ್ರ ಬೇರೆ. ಅದು ನೆಲದ ಮೇಲೆ ಸೊಂಡಿಲಿನ ಥರ ಇಳಿಯೋ ಸುಂಟರಗಾಳಿ. ಕೆಲವು ನಿಮಿಷದ ಆಟ, ಆದರೆ ದಾರಿಗೆ ಸಿಕ್ಕಿದ್ದನ್ನ ಬಿಡಲ್ಲ.

ಪದಗಳ ಹುಟ್ಟು ತಿಳ್ಕೊಂಡರೆ ಅವು ಮರೆಯಲ್ಲ. ಹರಿಕೇನ್ ಅನ್ನೋದು ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳ ಮಾತು. ಸ್ಪೇನ್‌ನವರ ಬಾಯಿಗೆ ಬಂದು, ಅಲ್ಲಿಂದ ಇಂಗ್ಲಿಷಿಗೆ ಬಂತು. ಸುನಾಮಿ ಜಪಾನಿ ಪದ. 'ತ್ಸು' ಅಂದ್ರೆ ಬಂದರು, 'ನಾಮಿ' ಅಂದ್ರೆ ಅಲೆ. ಮಾನ್ಸೂನ್ ಅರಬ್ಬಿ ಭಾಷೆಯ 'ಮೌಸಿಮ್', ಅಂದ್ರೆ ಋತು. ಇನ್ನು ಡಿಸಾಸ್ಟರ್? ಅದರೊಳಗೆ ಒಂದು ನಕ್ಷತ್ರ ಕೂತಿದೆ. 'ಆಸ್ಟರ್' ಅಂದ್ರೆ ನಕ್ಷತ್ರ, 'ಡಿಸ್' ಅಂದ್ರೆ ಕೆಟ್ಟದ್ದು. ಗ್ರಹಚಾರ ಕೆಟ್ಟಿತು ಅಂತೀವಲ್ಲ, ಅದನ್ನೇ ಯುರೋಪಿನವರೂ ಅಂದಿದ್ದು.

ಸೈಕ್ಲೋನ್ ಪದ ಹುಟ್ಟಿದ್ದು ಎಲ್ಲಿ ಗೊತ್ತಾ? ಲಂಡನ್‌ನಲ್ಲಲ್ಲ, ಕೋಲ್ಕತ್ತದಲ್ಲಿ. ಹೆನ್ರಿ ಪಿಡಿಂಗ್ಟನ್ ಅಂತ ಒಬ್ಬ ಇಂಗ್ಲಿಷಿನವ, ಹಿಂದೆ ಹಡಗಿನ ಕಪ್ತಾನನಾಗಿದ್ದವ. ಬಂಗಾಳ ಕೊಲ್ಲಿಯ ಬಿರುಗಾಳಿಗಳನ್ನ ವರ್ಷಗಟ್ಟಲೆ ಅಧ್ಯಯನ ಮಾಡಿ, ಹಾವು ಸುರುಳಿ ಸುತ್ತಿದ ಹಾಗೆ ಇವು ಸುತ್ತುತ್ತವೆ ಅಂತ ಹೇಳಿ, ಗ್ರೀಕ್ ಮೂಲದಿಂದ 1840ರ ದಶಕದಲ್ಲಿ ಈ ಹೆಸರು ಕಟ್ಟಿದ. ಅದೇ ಮನುಷ್ಯ 1853ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಗೆ ಪತ್ರ ಬರೆದ. ಮಾತಲಾ ನದಿಯ ದಡದಲ್ಲಿ ಹೊಸ ಬಂದರು ಕಟ್ಟಬೇಡಿ, ಚಂಡಮಾರುತದ ಜೊತೆ ಸಮುದ್ರ ಉಬ್ಬಿ ಬಂದು ಮುಳುಗಿಸುತ್ತೆ ಅಂತ ಎಚ್ಚರಿಸಿದ. ಯಾರೂ ಕೇಳಲಿಲ್ಲ. ಪೋರ್ಟ್ ಕ್ಯಾನಿಂಗ್ ಕಟ್ಟಿದರು. 1867ರಲ್ಲಿ ಚಂಡಮಾರುತ ಬಂತು, ಸಮುದ್ರ ಉಬ್ಬಿತು, ಬಂದರು ಹಾಳಾಯಿತು. ಸ್ಟಾರ್ಮ್ ಸರ್ಜ್ ಅಂದ್ರೆ ಇದೇ ನೋಡಿ. ಗಾಳಿ ಸಮುದ್ರವನ್ನ ತಳ್ಳಿ ತಳ್ಳಿ ಗುಡ್ಡೆ ಮಾಡಿ, ಆ ನೀರಿನ ಗುಡ್ಡೆಯನ್ನ ದಡದ ಮೇಲೆ ತಂದು ಸುರಿಯೋದು.

2019ರ ಮೇ 3ರಂದು ಒಡಿಶಾದ ಪುರಿ ಬಳಿ ಅಪ್ಪಳಿಸಿದ ಚಂಡಮಾರುತದ ಹೆಸರು ಫನಿ. ಬಾಂಗ್ಲಾದೇಶ ಕೊಟ್ಟ ಹೆಸರು. ಇಂಗ್ಲಿಷ್ ಅಕ್ಷರದಲ್ಲಿ ನೋಡಿದರೆ ಏನೂ ಹೊಳೆಯಲ್ಲ. ನಮ್ಮ ಫಣಿಯೇ ಅದು, ಹಾವಿನ ಹೆಡೆ. ಎರಡು ವರ್ಷದ ನಂತರ ಕರ್ನಾಟಕದ ಕರಾವಳಿಯನ್ನ ಅಲ್ಲಾಡಿಸಿದ ಚಂಡಮಾರುತವನ್ನ ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿ ನಾವೆಲ್ಲ ತೌಕ್ತೆ ಅಂತ ಓದಿದ್ದೇ ಓದಿದ್ದು. ಮ್ಯಾನ್ಮಾರ್ ಇಟ್ಟ ಆ ಹೆಸರಿನ ಉಚ್ಚಾರ ತೌತೆ, ಅರ್ಥ ಹಲ್ಲಿಯ ಜಾತಿಯ ಒಂದು ಪ್ರಾಣಿ. ಇಂಗ್ಲಿಷ್‌ನಲ್ಲಿ ಬರೆದದ್ದೆಲ್ಲ ಬರೆದ ಹಾಗೇ ಓದೋದಲ್ಲ ಅನ್ನೋ ಮೊದಲ ಪಾಠ ಅಲ್ಲೇ ಸಿಕ್ಕಿಬಿಡುತ್ತೆ.

ಎಚ್ಚರಿಕೆಗೂ ಎಚ್ಚರಿಕೆಗೂ ವ್ಯತ್ಯಾಸ

ಈಗ ಅಸಲಿ ವಿಷಯಕ್ಕೆ ಬರೋಣ. ವಾಚ್, ಅಲರ್ಟ್, ವಾರ್ನಿಂಗ್. ಕನ್ನಡದಲ್ಲಿ ಮೂರಕ್ಕೂ ನಾವು ಎಚ್ಚರಿಕೆ ಅಂತೀವಿ. ಇಂಗ್ಲಿಷ್‌ನಲ್ಲಿ ಹಾಗಲ್ಲ. ಅಮೆರಿಕದಲ್ಲಿ ಹರಿಕೇನ್ ವಾಚ್ ಅಂದ್ರೆ ಬರಬಹುದು, ಕಣ್ಣಿಟ್ಟಿರಿ ಅಂತ. ಜೋರು ಗಾಳಿ ಶುರುವಾಗೋ ಸುಮಾರು 48 ಗಂಟೆ ಮುಂಚೆ ಕೊಡ್ತಾರೆ. ಹರಿಕೇನ್ ವಾರ್ನಿಂಗ್ ಅಂದ್ರೆ ಬರ್ತಾ ಇದೆ, ಸಿದ್ಧತೆ ಮುಗಿಸಿ ಅಂತ. 36 ಗಂಟೆ ಮುಂಚೆ. ಭಾರತದಲ್ಲಿ ಚಂಡಮಾರುತಕ್ಕೆ ಮೊದಲು ವಾಚ್, ಆಮೇಲೆ 48 ಗಂಟೆ ಮುಂಚೆ ಅಲರ್ಟ್, 24 ಗಂಟೆ ಮುಂಚೆ ವಾರ್ನಿಂಗ್. ಅಂದ್ರೆ ಅಲರ್ಟ್‌ಗಿಂತ ವಾರ್ನಿಂಗ್ ದೊಡ್ಡದು.

ಇದು ಬರೀ ಪದದ ಜಗಳ ಅಲ್ಲ. 1987ರ ಮೇ 22ರಂದು ಅಮೆರಿಕದ ಟೆಕ್ಸಸ್ ರಾಜ್ಯದ ಸರಗೋಸಾ ಅನ್ನೋ ಪುಟ್ಟ ಊರಿಗೆ ಟಾರ್ನೇಡೋ ಬಡಿದು 30 ಜನ ಸತ್ತರು. ಊರಿನವರಲ್ಲಿ ಬಹುತೇಕರು ಸ್ಪ್ಯಾನಿಷ್ ಮಾತಾಡೋರು. ಆ ಸಂಜೆ ಮಕ್ಕಳ ಶಾಲಾ ಸಮಾರಂಭಕ್ಕೆ ಅಂತ ಒಂದು ಸಭಾಂಗಣದಲ್ಲಿ ಸೇರಿದ್ದರು. ಆಮೇಲೆ ಅಧ್ಯಯನ ಮಾಡಿದವರು ಎತ್ತಿ ತೋರಿಸಿದ ಕಾರಣಗಳಲ್ಲಿ ಒಂದು, ಇಂಗ್ಲಿಷಿನ ವಾರ್ನಿಂಗ್‌ನಲ್ಲಿದ್ದ ತುರ್ತು ಸ್ಪ್ಯಾನಿಷ್ ಅನುವಾದದಲ್ಲಿ ಇಲ್ಲದೇ ಹೋದದ್ದು. ಸೂಚನೆ ಅನ್ನೋ ಥರದ ಸಪ್ಪೆ ಪದ ಬಂದರೆ ಯಾರು ಎದ್ದು ಓಡ್ತಾರೆ?

ನಮ್ಮ ಹವಾಮಾನ ಇಲಾಖೆ ಬಣ್ಣ ಬಳಸುತ್ತೆ. ಗ್ರೀನ್ ಅಂದ್ರೆ ಏನೂ ಮಾಡಬೇಕಿಲ್ಲ. ಯೆಲ್ಲೋ ಅಂದ್ರೆ ಗಮನ ಇಟ್ಟಿರಿ. ಆರೆಂಜ್ ಅಂದ್ರೆ ಸಿದ್ಧರಾಗಿ. ರೆಡ್ ಅಂದ್ರೆ ಕ್ರಮ ತಗೊಳ್ಳಿ. ಟಿವಿಯಲ್ಲಿ ರೆಡ್ ಅಲರ್ಟ್ ಅಂತ ದಿನಕ್ಕೆ ಹತ್ತು ಸಲ ಕೇಳ್ತೀರಿ. ಕೆಂಪು ಅಂದ್ರೆ ಹೆದರಿ ಅಂತ ಅಲ್ಲ, ಏನಾದರೂ ಮಾಡಿ ಅಂತ.

ಮಳೆಯ ಇಂಗ್ಲಿಷಿಗೂ ಅಳತೆ ಇದೆ. ಹೆವಿ ಅನ್ನೋದು ಬಾಯಿಗೆ ಬಂದ ಹಾಗೆ ಹೇಳೋ ಪದ ಅಲ್ಲ. 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಹೆವಿ. 115.6 ದಾಟಿದರೆ ವೆರಿ ಹೆವಿ. 204.4ಕ್ಕಿಂತ ಹೆಚ್ಚಾದರೆ ಎಕ್ಸ್‌ಟ್ರೀಮ್ಲಿ ಹೆವಿ. ಬುಲೆಟಿನ್‌ನಲ್ಲಿ 'ಐಸೊಲೇಟೆಡ್ ಪ್ಲೇಸಸ್' ಅಂತ ಬರುತ್ತೆ. ನಿಘಂಟು ತೆಗೆದು ನೋಡಿದವರು ನಿರ್ಜನ ಪ್ರದೇಶ ಅಂದ್ಕೋತಾರೆ. ಅಲ್ಲಿ ಕಾಡಿನ ಮಾತೇ ಇಲ್ಲ. ಆ ಭಾಗದ ಕಾಲು ಪಾಲು ಅಥವಾ ಅದಕ್ಕಿಂತ ಕಡಿಮೆ ಜಾಗಗಳಲ್ಲಿ, ಅಲ್ಲೊಂದು ಇಲ್ಲೊಂದು ಕಡೆ ಅಂತ ಅರ್ಥ. ಆ ಅಲ್ಲೊಂದು ಕಡೆ ನಿಮ್ಮೂರೇ ಆಗಿರಬಹುದು.

ಡಿಪ್ರೆಷನ್ ಅನ್ನೋ ಪದ ತಗೊಳ್ಳಿ. ಮನಸ್ಸಿಗೆ ಬಂದರೆ ಖಿನ್ನತೆ, ಆರ್ಥಿಕತೆಗೆ ಬಂದರೆ ಮಹಾ ಕುಸಿತ, ಆಕಾಶಕ್ಕೆ ಬಂದರೆ ವಾಯುಭಾರ ಕುಸಿತ. ಮೂರರ ಒಳಗಿರೋ ಅರ್ಥ ಒಂದೇ, ಕೆಳಕ್ಕೆ ಒತ್ತಿದ್ದು. ಸಮುದ್ರದ ಮೇಲೆ ಗಾಳಿಯ ವೇಗ ಗಂಟೆಗೆ 31 ಕಿಲೋಮೀಟರ್ ದಾಟಿದರೆ ಡಿಪ್ರೆಷನ್. 62 ದಾಟಿದರೆ ಸೈಕ್ಲೋನಿಕ್ ಸ್ಟಾರ್ಮ್, ಆಗಲೇ ಅದಕ್ಕೆ ನಾಮಕರಣ. ಅಲ್ಲಿಂದ ಸಿವಿಯರ್, ವೆರಿ ಸಿವಿಯರ್, ಎಕ್ಸ್‌ಟ್ರೀಮ್ಲಿ ಸಿವಿಯರ್ ಅಂತ ಏರುತ್ತಾ ಹೋಗಿ 222 ಮುಟ್ಟಿದರೆ ಸೂಪರ್ ಸೈಕ್ಲೋನ್. 1999ರ ಅಕ್ಟೋಬರ್‌ನಲ್ಲಿ ಒಡಿಶಾದಲ್ಲಿ ಸುಮಾರು ಹತ್ತು ಸಾವಿರ ಜನರನ್ನ ಬಲಿ ತಗೊಂಡಿದ್ದು ಇದೇ. ಸೂಪರ್ ಅಂದ್ರೆ ಚೆನ್ನಾಗಿದೆ ಅಂತ ತಿಳಿದಿರೋ ನಮಗೆ ಈ ಸೂಪರ್ ಬೇರೆ ಪಾಠ ಹೇಳುತ್ತೆ.

ಗೊತ್ತಿದೆ ಅಂದುಕೊಂಡ ಪದಗಳು

ಗೊತ್ತಿಲ್ಲದ ಪದಕ್ಕಿಂತ ಗೊತ್ತಿದೆ ಅಂದುಕೊಂಡ ಪದ ಹೆಚ್ಚು ಅಪಾಯ. ಕೆಲವು ನೋಡಿ.

ಐ ಆಫ್ ದ ಸ್ಟಾರ್ಮ್. ಚಂಡಮಾರುತದ ಕಣ್ಣು. ರಾಜಕೀಯದ ವರದಿಯಲ್ಲಿ ಇದನ್ನ ಗದ್ದಲದ ನಡುಬಿಂದು ಅಂತ ಬಳಸ್ತಾರೆ. ವಾಸ್ತವದಲ್ಲಿ ಕಣ್ಣು ಶಾಂತವಾದ ಜಾಗ. ಗಾಳಿ ನಿಲ್ಲುತ್ತೆ, ಆಕಾಶ ತಿಳಿಯಾಗುತ್ತೆ. 1926ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಮಯಾಮಿ ನಗರದ ಮೇಲೆ ಹರಿಕೇನ್‌ನ ಕಣ್ಣು ಹಾದುಹೋಯಿತು. ಮುಗೀತು ಅಂತ ಜನ ಹೊರಗೆ ಬಂದರು. ಅರ್ಧ ಗಂಟೆ ಆಗೋಷ್ಟರಲ್ಲಿ ಕಣ್ಣಿನ ಆಚೆ ಬದಿಯ ಗಾಳಿ ಬಂತು, ಅದೂ ಎದುರು ದಿಕ್ಕಿನಿಂದ. ಬೀದಿಯಲ್ಲಿದ್ದ ಎಷ್ಟೋ ಜನ ವಾಪಸ್ ಮನೆ ಸೇರಲಿಲ್ಲ.

ಕೆಟಗರಿ. ಅಮೆರಿಕದಲ್ಲಿ ಹರಿಕೇನ್‌ಗೆ ಒಂದರಿಂದ ಐದರವರೆಗೆ ಕೆಟಗರಿ ಕೊಡ್ತಾರೆ. ಅದು ಅಳೆಯೋದು ಗಾಳಿಯ ವೇಗವನ್ನ ಮಾತ್ರ, ನೀರನ್ನಲ್ಲ. ಅಲ್ಲಿ ಐವತ್ತು ವರ್ಷದ ಲೆಕ್ಕ ತೆಗೆದರೆ ಹರಿಕೇನ್‌ಗೆ ನೇರವಾಗಿ ಬಲಿಯಾದ ಹತ್ತು ಜನರಲ್ಲಿ ಒಂಬತ್ತು ಜನ ಸತ್ತಿದ್ದು ನೀರಿನಿಂದ. 2018ರಲ್ಲಿ ಫ್ಲಾರೆನ್ಸ್ ಅನ್ನೋ ಹರಿಕೇನ್ ದಡ ಮುಟ್ಟುವಾಗ ಕೆಟಗರಿ ಒಂದಕ್ಕೆ ಇಳಿದಿತ್ತು. ಬರೀ ಒಂದು ತಾನೇ ಅಂದವರಿದ್ದರು. ನಾರ್ತ್ ಕ್ಯಾರೊಲಿನಾದ ಒಂದು ಕಡೆ 900 ಮಿಲಿಮೀಟರ್ ದಾಟಿ ಮಳೆ ಸುರೀತು.

ಹಂಡ್ರೆಡ್ ಇಯರ್ ಫ್ಲಡ್. ನೂರು ವರ್ಷಕ್ಕೊಮ್ಮೆ ಬರೋ ನೆರೆ ಅಂತ ಅನುವಾದ ಮಾಡ್ತೀವಿ. ಒಂದು ಸಲ ಬಂದಾಯ್ತಲ್ಲ, ಇನ್ನು ಮೊಮ್ಮಕ್ಕಳ ಕಾಲಕ್ಕೆ ಅಂತ ನೆಮ್ಮದಿ. ಅದರ ನಿಜವಾದ ಅರ್ಥ, ಪ್ರತಿ ವರ್ಷವೂ ಅಂಥ ನೆರೆ ಬರೋ ಸಾಧ್ಯತೆ ನೂರಕ್ಕೆ ಒಂದು. ಈ ವರ್ಷ ಬಂದು ಮುಂದಿನ ವರ್ಷವೂ ಬರಬಹುದು.

ಕ್ಯಾಶುವಲ್ಟಿ. ನೂರು ಕ್ಯಾಶುವಲ್ಟಿ ಅಂದ ತಕ್ಷಣ ನೂರು ಸಾವು ಅಂತ ತಿಳಿಯಬೇಡಿ. ಗಾಯಗೊಂಡವರೂ ಅದರಲ್ಲಿ ಸೇರ್ತಾರೆ. ಸಾವಿನ ಸಂಖ್ಯೆಗೆ ಡೆತ್ ಟೋಲ್ ಅಂತ ಬೇರೆ ಪದ ಇದೆ. 'ಮಿಸ್ಸಿಂಗ್' ಅಂದ್ರೆ ಪತ್ತೆ ಇಲ್ಲ, ಅಷ್ಟೇ. 'ಫಿಯರ್ಡ್ ಡೆಡ್' ಅಂದ್ರೆ ಸತ್ತಿರಬಹುದು ಅನ್ನೋ ಆತಂಕ, ಸತ್ತಿದ್ದಾರೆ ಅಂತ ಅಲ್ಲ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದಾಗ, ಅದೇ ತಿಂಗಳ ಕೊನೆಗೆ ವಯನಾಡಿನಲ್ಲಿ ಊರುಗಳೇ ಕೊಚ್ಚಿಹೋದಾಗ, ಈ ಪದಗಳ ನಡುವಿನ ಗೆರೆಯ ಮೇಲೆ ಎಷ್ಟು ಮನೆಗಳು ಉಸಿರು ಬಿಗಿಹಿಡಿದು ಕೂತಿದ್ದವು ನೆನಪಿಸ್ಕೊಳ್ಳಿ.

ಮ್ಯಾಗ್ನಿಟ್ಯೂಡ್ ಮತ್ತು ಇಂಟೆನ್ಸಿಟಿ. ಎರಡಕ್ಕೂ ತೀವ್ರತೆ ಅಂದುಬಿಡ್ತೀವಿ. ಮ್ಯಾಗ್ನಿಟ್ಯೂಡ್ ಅಂದ್ರೆ ಬಲ್ಬಿನ ವ್ಯಾಟ್ ಇದ್ದ ಹಾಗೆ, ಭೂಕಂಪದ ಮೂಲದ ಶಕ್ತಿ. ಇಂಟೆನ್ಸಿಟಿ ಅಂದ್ರೆ ನೀವು ಕೂತ ಜಾಗಕ್ಕೆ ಬೀಳೋ ಬೆಳಕು, ನಿಮ್ಮ ಮನೆ ಎಷ್ಟು ನಡುಗಿತು ಅನ್ನೋದು. 1993ರಲ್ಲಿ ಲಾತೂರಿನ ಭೂಕಂಪದ ಮ್ಯಾಗ್ನಿಟ್ಯೂಡ್ 6.2. ಜಗತ್ತಿನ ಲೆಕ್ಕದಲ್ಲಿ ಮಧ್ಯಮ ಗಾತ್ರದ್ದು. ಆದರೆ ಭೂಮಿಯ ಮೇಲ್ಪದರದಲ್ಲೇ ಆಯಿತು, ನಡುರಾತ್ರಿ ಕಳೆದು ಬೆಳಗಿನ ಜಾವ ಆಯಿತು, ಮೇಲೆ ಕಲ್ಲು ಮಣ್ಣಿನ ಭಾರದ ಮನೆಗಳು. ಸುಮಾರು ಹತ್ತು ಸಾವಿರ ಜನ ಹೋದರು.

ಇನ್ನೊಂದು, ಜೇಬಿಗೆ ಸಂಬಂಧಪಟ್ಟಿದ್ದು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಕೆರೆಯಾದಾಗ ಎಷ್ಟೋ ಕಾರುಗಳು ನೀರಲ್ಲಿ ನಿಂತವು. ಇನ್ಶೂರೆನ್ಸ್ ಪಾಲಿಸಿಯಲ್ಲಿ ಫ್ಲಡ್ ಅಂತ ಬರೆದಿದೆ, ಹಣ ಬರುತ್ತೆ ಅಂತ ನಂಬಿಕೆ. ಆದರೆ ಅದೇ ಪಾಲಿಸಿಯಲ್ಲಿ 'ಕಾನ್ಸಿಕ್ವೆನ್ಷಿಯಲ್ ಲಾಸ್' ಅಂತ ಒಂದು ಪದ ಇರುತ್ತೆ. ನೀರು ನುಗ್ಗಿದ ಕಾರನ್ನ ನೀವು ಸ್ಟಾರ್ಟ್ ಮಾಡಿ, ಇಂಜಿನ್‌ಗೆ ನೀರು ಎಳೆದು ಅದು ಕೆಟ್ಟರೆ, ಅದು ನೆರೆಯ ನಷ್ಟ ಅಲ್ಲ, ಆಮೇಲಿನ ನಷ್ಟ ಅಂತ ವಾದ ಬರುತ್ತೆ. ಇಂಜಿನ್ ಪ್ರೊಟೆಕ್ಷನ್ ಅನ್ನೋ ಹೆಚ್ಚುವರಿ ಕವರ್ ಇಲ್ಲದಿದ್ದರೆ ಸಾಮಾನ್ಯವಾಗಿ ದುಡ್ಡು ಸಿಗಲ್ಲ. ನೀರಲ್ಲಿ ನಿಂತ ಕಾರಿನ ಕೀ ತಿರುಗಿಸಬೇಡಿ, ಟೋ ಮಾಡಿಸಿ.

ಕಲಿಯೋದು ಹೇಗೆ

ಒಂಟಿ ಪದ ಕಂಠಪಾಠ ಮಾಡಬೇಡಿ. ಪದಗಳು ಜೋಡಿಯಾಗಿ ಬರ್ತವೆ. ಕನ್ನಡದಲ್ಲಿ ಮಳೆಯೂ ಜೋರು, ಗಾಳಿಯೂ ಜೋರು. ಇಂಗ್ಲಿಷ್‌ನಲ್ಲಿ ಮಳೆ ಹೆವಿ, ಗಾಳಿ ಸ್ಟ್ರಾಂಗ್, ಸಮುದ್ರ ರಫ್, ಮಂಜು ಥಿಕ್. ಹೆವಿ ವಿಂಡ್ ಅಂದರೆ ಅರ್ಥ ಆಗುತ್ತೆ, ಆದರೆ ಕಿವಿಗೆ ಕಲ್ಲು ಸಿಕ್ಕಿದ ಹಾಗಾಗುತ್ತೆ. ಚಂಡಮಾರುತ ದಡಕ್ಕೆ ಬಂದರೆ ಮೇಕ್ಸ್ ಲ್ಯಾಂಡ್‌ಫಾಲ್. ನದಿ ದಡ ಮೀರಿದರೆ ಬರ್ಸ್ಟ್ಸ್ ಇಟ್ಸ್ ಬ್ಯಾಂಕ್ಸ್. ಮರ ಬುಡಮೇಲಾದರೆ ಅಪ್‌ರೂಟೆಡ್. ನೀರು ಇಳಿದರೆ ರಿಸೀಡ್. ದಾರಿ ಕಾಣದೆ ಸಿಕ್ಕಿಹಾಕಿಕೊಂಡವರು ಸ್ಟ್ರ್ಯಾಂಡೆಡ್. ಸ್ಟ್ರ್ಯಾಂಡ್ ಅಂದ್ರೆ ಕಡಲ ದಡ, ಹಡಗು ಮರಳಲ್ಲಿ ಹೂತುಹೋದಾಗ ಹುಟ್ಟಿದ ಮಾತು.

ವ್ಯಾಕರಣವೂ ಇಲ್ಲೇ ಇದೆ. ಮೇ, ವಿಲ್, ಮಸ್ಟ್. ಇಟ್ ಮೇ ಫ್ಲಡ್ ಅಂದ್ರೆ ನೀರು ಬರಬಹುದು. ಇಟ್ ವಿಲ್ ಫ್ಲಡ್ ಅಂದ್ರೆ ಬಂದೇ ಬರುತ್ತೆ. ಯೂ ಮಸ್ಟ್ ಲೀವ್ ಅಂದ್ರೆ ಹೊರಡಲೇಬೇಕು, ಚರ್ಚೆ ಇಲ್ಲ. 2005ರಲ್ಲಿ ಕತ್ರಿನಾ ಹರಿಕೇನ್ ನ್ಯೂ ಆರ್ಲಿಯನ್ಸ್ ಕಡೆ ಬರುವಾಗ, ಆಗಸ್ಟ್ 28ರಂದು ಅಲ್ಲಿನ ಹವಾಮಾನ ಕಚೇರಿ ಒಂದು ಬುಲೆಟಿನ್ ಕೊಟ್ಟಿತು. ಅದರಲ್ಲಿ ಮಿಲಿಬಾರ್, ನಾಟ್ ಇತ್ಯಾದಿ ಲೆಕ್ಕ ಹಿಂದೆ ಸರಿದಿತ್ತು. ಈ ಪ್ರದೇಶದ ಬಹುಪಾಲು ವಾರಗಟ್ಟಲೆ ವಾಸಕ್ಕೆ ಆಗಲ್ಲ, ಕುಡಿಯೋ ನೀರಿಗೆ ಪರದಾಡಬೇಕಾಗುತ್ತೆ ಅನ್ನೋ ಅರ್ಥದ ನೇರ ಮಾತು. ಓದಿದವರು ನಡುಗಿದರು, ಎಷ್ಟೋ ಜನ ಹೊರಟರು. ಒಳ್ಳೆ ಇಂಗ್ಲಿಷ್ ಅಂದ್ರೆ ಕಷ್ಟದ ಇಂಗ್ಲಿಷ್ ಅಲ್ಲ ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಕಾ?

ವಿಧಾನ ಇಷ್ಟೇ. ಮೊದಲು ಸುದ್ದಿಯನ್ನ ಕನ್ನಡದಲ್ಲಿ ಓದಿ. ಆಮೇಲೆ ಅದೇ ಸುದ್ದಿಯನ್ನ ಇಂಗ್ಲಿಷ್ ಪೇಪರಲ್ಲಿ ಓದಿ. ವಿಷಯ ಆಗಲೇ ಗೊತ್ತಿರೋದರಿಂದ ಪದಗಳು ತಾವೇ ಅರ್ಥ ಬಿಚ್ಕೋತವೆ. ಐದು ಪದ ಬರೆದುಕೊಳ್ಳಿ, ಜೋಡಿ ಸಮೇತ. ರಾತ್ರಿ ಮನೆಯವರಿಗೆ ಆ ಸುದ್ದಿಯನ್ನ ಐದು ವಾಕ್ಯದಲ್ಲಿ ಇಂಗ್ಲಿಷ್‌ನಲ್ಲಿ ಹೇಳಿ. ಒಂದು ಮಳೆಗಾಲ ಮುಗಿಯೋಷ್ಟರಲ್ಲಿ ನಿಮಗೇ ವ್ಯತ್ಯಾಸ ಗೊತ್ತಾಗುತ್ತೆ.

ವಿದೇಶದಲ್ಲಿ ಮಕ್ಕಳಿರೋ ಅಪ್ಪ ಅಮ್ಮಂದಿರಿಗೆ ಇದು ಇನ್ನೂ ಮುಖ್ಯ. 2021ರ ಸೆಪ್ಟೆಂಬರ್ 1ರ ರಾತ್ರಿ ನ್ಯೂಯಾರ್ಕ್ ನಗರದಲ್ಲಿ ಐಡಾ ಚಂಡಮಾರುತದ ಉಳಿಕೆ ಮಳೆ ಸುರಿದು 13 ಜನ ಸತ್ತರು. ಅವರಲ್ಲಿ 11 ಜನ ನೆಲಮಾಳಿಗೆಯ ಮನೆಗಳಲ್ಲಿದ್ದವರು. ಎಷ್ಟೋ ಜನ ಹೊಟ್ಟೆಪಾಡಿಗೆ ಬೇರೆ ದೇಶದಿಂದ ಬಂದವರು. ಮೊಬೈಲ್‌ಗಳು ಕಿರುಚಿದ್ದವು, ಆದರೆ ಸಂದೇಶ ಇಂಗ್ಲಿಷ್ ಮತ್ತು ಸ್ಪ್ಯಾನಿಷ್‌ನಲ್ಲಿ. ನಾಳೆ ಮಗಳ ಬಾಣಂತನಕ್ಕೆ ಅಂತ ಹಾಸನದಿಂದ ಅಮೆರಿಕಕ್ಕೆ ಹೋದ ತಾಯಿ ಮನೆಯಲ್ಲಿ ಒಬ್ಬರೇ ಇದ್ದಾಗ ಫೋನ್ ಹಾಗೆ ಕಿರುಚಿದರೆ? 'ಇವ್ಯಾಕ್ಯುಯೇಟ್' ಅಂದ್ರೆ ಮನೆ ಬಿಟ್ಟು ಹೊರಡಿ. 'ಶೆಲ್ಟರ್ ಇನ್ ಪ್ಲೇಸ್' ಅಂದ್ರೆ ಮನೆ ಬಿಟ್ಟು ಕದಲಬೇಡಿ. 'ಮೂವ್ ಟು ಹೈಯರ್ ಗ್ರೌಂಡ್' ಅಂದ್ರೆ ಎತ್ತರದ ಜಾಗಕ್ಕೆ ಹೋಗಿ. ಈ ಮೂರನ್ನ ಕನ್ನಡ ಅಕ್ಷರದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ ಕೊಡಿ. ವೀಸಾ ಸಂದರ್ಶನಕ್ಕೆ ಕಲಿಸೋ ಇಂಗ್ಲಿಷಿಗಿಂತ ಇದು ಮುಖ್ಯ.

ಕೊನೆಯದಾಗಿ ಒಂದು ದ್ವೀಪದ ಕಥೆ. ಇಂಡೋನೇಷ್ಯಾದ ಸಿಮಿಲು ದ್ವೀಪ. 1907ರಲ್ಲಿ ಅಲ್ಲಿ ಸುನಾಮಿ ಬಂದು ಬಹಳ ಜನ ಸತ್ತಿದ್ದರು. ಬದುಕಿದವರು ಅದಕ್ಕೆ ತಮ್ಮ ಭಾಷೆಯಲ್ಲಿ 'ಸ್ಮೋಂಗ್' ಅಂತ ಹೆಸರಿಟ್ಟರು. ಭೂಮಿ ಜೋರಾಗಿ ನಡುಗಿ, ಸಮುದ್ರ ಹಿಂದೆ ಸರಿದರೆ ಸ್ಮೋಂಗ್ ಬರುತ್ತೆ, ಗುಡ್ಡಕ್ಕೆ ಓಡಿ ಅಂತ ಅಜ್ಜಿಯರು ಮೊಮ್ಮಕ್ಕಳಿಗೆ ಹೇಳ್ತಾ ಬಂದರು. 2004ರ ಡಿಸೆಂಬರ್ 26ರಂದು ಭೂಮಿ ನಡುಗಿತು. ದ್ವೀಪದ ಉದ್ದಕ್ಕೂ ಸ್ಮೋಂಗ್, ಸ್ಮೋಂಗ್ ಅನ್ನೋ ಕೂಗು ಎದ್ದಿತು. ಸುಮಾರು 78,000 ಜನರಿದ್ದ ಆ ದ್ವೀಪದಲ್ಲಿ ಸತ್ತವರು ಏಳು ಜನ. ಎದುರಿಗಿನ ಸುಮಾತ್ರಾ ದಡದಲ್ಲಿ ಲಕ್ಷದ ಲೆಕ್ಕದಲ್ಲಿ ಹೋದರು.

ಅದೇ ದಿನ ಥಾಯ್ಲೆಂಡಿನ ಫುಕೆಟ್ ಕಡಲತೀರದಲ್ಲಿ ಟಿಲ್ಲಿ ಸ್ಮಿತ್ ಅನ್ನೋ ಹತ್ತು ವರ್ಷದ ಬ್ರಿಟಿಷ್ ಹುಡುಗಿ ಇದ್ದಳು. ಎರಡು ವಾರದ ಹಿಂದೆ ಶಾಲೆಯ ಭೂಗೋಳದ ಪಾಠದಲ್ಲಿ ಸುನಾಮಿ ಬಗ್ಗೆ ಕೇಳಿದ್ದಳು. ನೀರು ನೊರೆ ನೊರೆಯಾಗಿ ಬರೋದು ನೋಡಿ ಇದು ಸುನಾಮಿ ಅಂತ ಹಠ ಹಿಡಿದಳು. ಜನರನ್ನ ಅಲ್ಲಿಂದ ಎಬ್ಬಿಸಿದರು. ಆ ತೀರದಲ್ಲಿ ಸುಮಾರು ನೂರು ಜನ ಉಳಿದರು.

ಸಿಮಿಲು ಅಜ್ಜಿಯರಿಗೆ ಇಂಗ್ಲಿಷ್ ಬರ್ತಿರಲಿಲ್ಲ. ಟಿಲ್ಲಿ ಕಲಿತಿದ್ದು ಪರದೇಶದ ಒಂದು ಪದ. ಇಬ್ಬರಿಗೂ ಪದದ ಜೊತೆ ಅರ್ಥ ಗೊತ್ತಿತ್ತು, ಏನು ಮಾಡಬೇಕು ಅನ್ನೋದೂ ಗೊತ್ತಿತ್ತು. ಟಾಕ್ಲೊಬಾನಿನಲ್ಲಿ ಪದ ಮಾತ್ರ ತಲುಪಿತ್ತು.

ಹಾಗಾಗಿ ಇಂಗ್ಲಿಷ್ ಕಲಿಯಿರಿ, ಧಾರಾಳವಾಗಿ ಕಲಿಯಿರಿ. ಜೊತೆಗೆ ಕಲಿತ ಪ್ರತಿ ಪದವನ್ನೂ ಮನೆಯ ಹಿರಿಯರಿಗೆ ಅರ್ಥವಾಗೋ ಕನ್ನಡದಲ್ಲಿ ಒಮ್ಮೆ ಹೇಳಿ. ಸ್ಟಾರ್ಮ್ ಸರ್ಜ್ ಅನ್ನೋದಕ್ಕೆ ನಮ್ಮ ಕರಾವಳಿಯ ಮನೆಮನೆಯ ಬಾಯಲ್ಲಿ ನೆಲೆನಿಂತ ಒಂದು ಪದ ಇನ್ನೂ ಇಲ್ಲ. ಕಡಲು ಉಕ್ಕಿ ಊರಿಗೆ ಬರುತ್ತೆ ಅಂತ ಹೇಳಿದರೆ ಸಾಕು. ಉದ್ದ ಆಯ್ತು ಅಂತ ಚಿಂತೆ ಬೇಡ. ಕೇಳಿದವರು ಎದ್ದು ಹೊರಟರೆ ಆಯ್ತಲ್ಲ.